ನಲವತ್ತಮೂರು ಹುಣಸೆ ಬೀಜ

ನನ್ನ ಹೆಂಡತಿ ಕಣ್ಣು ಬಿಟ್ಟಾಗ ನಮ್ಮೂರಲ್ಲಿ ಬೆಳಗಾಗುತ್ತಿತ್ತು. ಇದನ್ನು ಹಳ್ಳದ ಆಚೆಯವರಿಗೆ ಹೇಳಿದರೆ ಹೆಂಡತಿಯನ್ನು ಹೊಗಳುತ್ತಿದ್ದಾನೆ ಅಂದುಕೊಂಡು ನಗುತ್ತಾರೆ. ನಾನು ಹೊಗಳುವ ಪೈಕಿ ಅಲ್ಲ. ಏಳನೇ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಕಲಿತವನು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಬಿಟ್ಟರೆ ನನಗೆ ಬೇರೆ ಬರುವುದಿಲ್ಲ.

ಕಸ್ತೂರಿ ಎದ್ದು ಹಾಸಿಗೆಯ ಮೇಲೆ ಕೂತು ಎಡಗೈ ಚಾಚುತ್ತಿದ್ದಳು. ನಾನು ನಾಡಿ ಹಿಡಿದು ಎಣಿಸಲು ಶುರು ಮಾಡುತ್ತಿದ್ದೆ. ನೂರು ಬಡಿತ ಆದಾಗ ಒಂದು ಹುಣಸೆ ಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕಬೇಕು. ನಲವತ್ತಮೂರು ಬೀಜ ಆಚೆ ಬಿದ್ದರೆ ಒಂದು ತಾಸು ಆದ ಹಾಗೆ. ಆಗ ಅಂಗಳದ ಕಂಬಕ್ಕೆ ತೂಗುಹಾಕಿದ ಕಂಚಿನ ಗಂಟೆ ಬಾರಿಸಬೇಕು. ಹೀಗೆ ಹನ್ನೆರಡು ಸಲ. ಹನ್ನೆರಡನೆಯ ಗಂಟೆ ಕೇಳಿದ ಮೇಲೆ ಊರು ದೀಪ ಹಚ್ಚಿ, ಉಂಡು, ಮಲಗುತ್ತದೆ. ರಾತ್ರಿಗೆ ಗಂಟೆ ಇಲ್ಲ. ಅವಳು ಮತ್ತೆ ಏಳುವವರೆಗೆ ರಾತ್ರಿ, ಅಷ್ಟೇ. ಹಳ್ಳದ ಆಚೆಯ ಗಡಿಯಾರ ನಮ್ಮ ಕಡೆ ತಂದರೆ ಅದರ ಮುಳ್ಳು ಅಲ್ಲಾಡುವುದಿಲ್ಲ. ಅದಕ್ಕೇ ಯಾರೂ ತರುವುದಿಲ್ಲ.

ಕಸ್ತೂರಿಗಿಂತ ಮೊದಲು ಊರಿನ ಹೊತ್ತು ನಮ್ಮ ಅವ್ವನ ಕೈಯಲ್ಲಿತ್ತು. ಎಣಿಸುತ್ತಿದ್ದವನು ನಮ್ಮ ಅಪ್ಪ. ಅವ್ವ ಸತ್ತ ದಿನದ ಹತ್ತನೆಯ ತಾಸು ಎಷ್ಟು ಉದ್ದವಾಗಿತ್ತೆಂದರೆ ಅಗಸರ ಓಣಿಯಲ್ಲಿ ಒಗೆದ ಬಟ್ಟೆ ಮೂರು ಸಲ ಒಣಗಿದವು. ಹನ್ನೊಂದನೆಯ ಗಂಟೆ ಹೊಸ ಸೊಸೆಯ ನಾಡಿಯಿಂದ ಬಂತು. ಅವತ್ತಿನಿಂದ ಇಪ್ಪತ್ತೊಂದು ವರ್ಷ ನಾನು ಆ ಕೈ ಹಿಡಿದಿದ್ದೇನೆ. ಅವಳು ಒಂದು ಕೈಯಲ್ಲಿ ಕಸ ಗುಡಿಸಿದರೆ ಇನ್ನೊಂದು ನನ್ನ ಕೈಯಲ್ಲಿ. ರೊಟ್ಟಿ ಬಡಿಯಲು ಮಾತ್ರ ಎರಡೂ ಕೈ ಬೇಕು. ಆಗ ಹಿಂದೆ ನಿಂತು ಅವಳ ಕುತ್ತಿಗೆಗೆ ಎರಡು ಬೆರಳಿಟ್ಟು ಎಣಿಸುತ್ತಿದ್ದೆ. ನೋಡಿದವರು ಏನಾದರೂ ಅಂದುಕೊಳ್ಳಲಿ, ನನ್ನ ತಲೆಯಲ್ಲಿ ಇರುತ್ತಿದ್ದದ್ದು ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು.

ಕುತ್ತಿಗೆಯ ಗಂಟು ಮೊದಲು ಸಿಕ್ಕಿದ್ದು ಹಾಗೆ, ರೊಟ್ಟಿ ಬಡಿಯುವಾಗ, ನನ್ನ ಬೆರಳಿಗೆ.

"ಇದೇನ ಇದು?" ಅಂದೆ.

"ಏನ ಇರಲಿ, ಎಣಿಕಿ ತಪ್ಪೀತು, ಎಣಸ್ರಿ" ಅಂದಳು.

ಅದಾದ ಮೇಲೆ ದಿನಗಳು ಉದ್ದವಾಗತೊಡಗಿದವು. ಅವಳ ಮೈ ಊದಿತು, ದನಿ ಗೊಗ್ಗರಾಯಿತು, ಬೇಸಿಗೆಯಲ್ಲೂ ಕಂಬಳಿ ಕೇಳುತ್ತಿದ್ದಳು. ಒಂದು ಬಡಿತ ಮುಗಿದು ಇನ್ನೊಂದು ಬರುವಷ್ಟರಲ್ಲಿ ನಾನು ಆಕಳಿಸಿ ಮುಗಿಸುತ್ತಿದ್ದೆ. ಊರು ಯಾವತ್ತಿನ ಹಾಗೆ ಹೊಂದಿಕೊಂಡಿತು. ಎಂಟನೆಯ ಗಂಟೆಗೇ ಸೂರ್ಯ ಮುಳುಗಿಬಿಡುತ್ತಿದ್ದ. ಜನ ಸೂರ್ಯನನ್ನೇ ಬೈದು, ಅಂಗಡಿಗಳಲ್ಲಿ ಲಾಟೀನು ಹಚ್ಚಿಕೊಂಡು ಉಳಿದ ನಾಲ್ಕು ತಾಸು ವ್ಯಾಪಾರ ಮಾಡಿದರು. ಶಾಲೆಯ ಮಕ್ಕಳು ಬುತ್ತಿಯಲ್ಲಿ ಎರಡು ರೊಟ್ಟಿಯ ಬದಲು ನಾಲ್ಕು ಒಯ್ದರು. ಹತ್ತಿ ಹಿಂಜುವ ಜಿನ್ನಿನ ಕೂಲಿಯವರು ಮಾತ್ರ ನಮ್ಮ ಕಟ್ಟೆಗೆ ಬಂದು ಕೂತರು. "ಯವ್ವಾ, ಸ್ವಲ್ಪ ಜಲ್ದಿ ಬಡಕೊಳ್ಳವಾ ನಿನ್ನ ಎದಿ, ನಮ್ಮ ಸೊಂಟ ಹೋಗಾಕತ್ತೈತಿ" ಅಂದ ಒಬ್ಬ ಮುದುಕ. ಕಸ್ತೂರಿ ನಕ್ಕಳು. ನನಗೆ ನಗು ಬರಲಿಲ್ಲ. ಅವನನ್ನು ಕಟ್ಟೆಯಿಂದ ಇಳಿಸಿ ಕಳಿಸಿದೆ.

ಹಳ್ಳದ ಆಚೆಯ ಪೇಟೆಯಲ್ಲಿ ತಬಸ್ಸುಮ್ ಎಂಬ ಹೆಣ್ಣು ಡಾಕ್ಟರ್ ಇದ್ದರು, ಎಲ್ಲರೂ ಅವರನ್ನು ಬಾಯಾರು ಅನ್ನುತ್ತಿದ್ದರು. ಅಲ್ಲಿಗೆ ಕರೆದುಕೊಂಡು ಹೋಗುವುದೆಂದರೆ ಊರಿನ ಹೊತ್ತು ನಿಲ್ಲಿಸಿ ಹೋಗಬೇಕು. ಗಂಟೆಯ ವಿಷಯಕ್ಕೆ ಊರ ಪರವಾಗಿ ಮಾತಾಡುವವರು ಹೆಡ್ ಮಾಸ್ತರ ಚನ್ನಬಸಪ್ಪ. ಅವರಿಗೆ ಹೇಳಿದೆ. "ಹೋಗಿ ಬಾ, ನೀ ಬರೂಮಟ ನಾವು ಇದ ತಾಸಿನ್ಯಾಗ ಇರ್ತೀವಿ" ಅಂದರು. ಹಾಗೇ ಇದ್ದರು. ನಾವು ತಿರುಗಿ ಬಂದಾಗ ಮಕ್ಕಳು ಅದೇ ಮಗ್ಗಿಯ ಅದೇ ಸಾಲಿನಲ್ಲಿದ್ದವು.

ಬಾಯಾರು ರಕ್ತ ತೆಗೆದು ನೋಡಿ ಹೇಳಿದರು, "ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರತೈತಿ. ಇವರದು ಕೆಲಸ ಕಡಿಮಿ ಮಾಡೇತಿ. ಅದಕ್ಕ ಎದಿ ಬಡತ ನಿಧಾನ, ಮೈ ಭಾರ, ನಿದ್ದಿ ಜಾಸ್ತಿ. ಘಾಬರಿ ಆಗೂದು ಬ್ಯಾಡ. ದಿನಾ ಮುಂಜಾನೆ ಎದ್ದ ಕೂಡಲೆ ಖಾಲಿ ಹೊಟ್ಟಿಗೆ ಒಂದು ಗುಳಿಗಿ. ಮೂವತ್ತು ಕೊಟ್ಟೀನಿ. ಮುಗದ ಮ್ಯಾಲ ಬರ್ರಿ."

ಒಂದು ದಿನ ತಪ್ಪಿಸಲಿಲ್ಲ. ಅವಳು ಕಣ್ಣು ಬಿಟ್ಟ ಕೂಡಲೇ ನನ್ನ ಕೈಯಿಂದ ಗುಳಿಗೆ, ಒಂದು ಗುಟುಕು ನೀರು, ಆಮೇಲೆ ಎಣಿಕೆ. ಮೂವತ್ತು ಬೆಳಗು ಮೂವತ್ತು ಗುಳಿಗೆ. ಗುಣ ಮಾತ್ರ ಕಾಣಲಿಲ್ಲ.

ಮತ್ತೆ ಹೋದೆವು. ಬಾಯಾರು ದಪ್ಪ ವಹಿ ತೆಗೆದು ತಾರೀಖು ನೋಡಿ ಹುಬ್ಬು ಗಂಟಿಕ್ಕಿದರು. "ನೀವು ಬಂದು ಹೋಗಿ ನಲವತ್ನಾಕು ದಿನ ಆತು. ಮೂವತ್ತು ಗುಳಿಗಿ ನಲವತ್ನಾಕು ದಿನ ಹೆಂಗ ಬಂದ್ವು? ಹದಿನಾಕು ದಿನ ತಪ್ಪಿಸೀರಿ."

"ಒಂದೂ ತಪ್ಪಿಸಿಲ್ಲ" ಅಂದೆ.

"ಹಂಗಾದ್ರ ಗುಳಿಗಿ ಮರಿ ಹಾಕ್ಯಾವೇನು?"

ಇಪ್ಪತ್ತೊಂದು ವರ್ಷ ಒಂದು ಬಡಿತ ಬಿಡದೆ ಎಣಿಸಿದವನ ಮುಖದ ಮೇಲೆ ಎಣಿಕೆ ತಪ್ಪಿದೆ ಅಂದರೆ ಏನಾಗಬೇಕು? ಅವರು ಬರೆದುಕೊಟ್ಟಿದ್ದ ಔಷಧದ ಚೀಟಿ ಹರಿದು ಅವರ ಮೇಜಿನ ಮೇಲೆ ಎಸೆದೆ. "ರೀ, ಅವರು ಹೇಳೂದು ಪೂರ್ತಿ ಕೇಳ್ರಿ" ಅಂತ ಕಸ್ತೂರಿ ಅಂಗಿ ಜಗ್ಗಿದಳು. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದೆ. ಆ ಹದಿನಾಲ್ಕು ದಿನ ಎಲ್ಲಿಂದ ಬಂದವು ಎಂದು ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸಿಟ್ಟು ಬಂದಾಗ ಯೋಚನೆ ಮಾಡುವವರನ್ನು ನಾನು ಇನ್ನೂ ನೋಡಬೇಕಾಗಿದೆ.

ಆಗ ಬಂದವಳು ಅಂಬಕ್ಕ. ನಮ್ಮ ಓಣಿಯ ತುದಿಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಹಳ್ಳದ ಆಚೆ ಯಾವುದೋ ಹೋಟೆಲಿನಲ್ಲಿ ನಡೆದ ಮೀಟಿಂಗಿಗೆ ಹೋಗಿ ಬಂದ ಮೇಲೆ ಹೊಲಿಗೆ ಬಿಟ್ಟು ಡಬ್ಬಿ ಮಾರಲು ಶುರು ಮಾಡಿದ್ದಳು. ಎರಡು ಡಬ್ಬಿ ತಂದು ನಮ್ಮ ಮುಂದೆ ಇಟ್ಟಳು. ಒಂದರಲ್ಲಿ ಹಸಿರು ಕ್ಯಾಪ್ಸೂಲ್, ಇನ್ನೊಂದರಲ್ಲಿ ಕೆಂಪು.

"ಹಸರು ಥೈರಾಯ್ಡಿಗೆ ಬಲ, ಕೆಂಪು ಹಾರ್ಟಿಗೆ ಬಲ. ಇದು ಔಷಧ ಅಲ್ಲ ಫಕೀರಣ್ಣ, ಆಹಾರ. ಸಮುದ್ರದ ಪಾಚಿ, ಗಿಡಮೂಲಿಕಿ. ನಾ ದಿನಾ ತೊಗೊಂತೀನಿ, ನೋಡ ನನ್ನ" ಅಂದು ನಿಂತಲ್ಲೇ ಒಂದು ಸುತ್ತು ತಿರುಗಿ ತೋರಿಸಿದಳು.

"ನೀ ಮೊದಲೂ ಹಂಗ ತಿರಗತಿದ್ದಿ" ಅಂದಳು ಕಸ್ತೂರಿ, ಗೊಗ್ಗರು ದನಿಯಲ್ಲಿ.

"ನಗು, ನಗು. ತಿಂಗಳಾಗೂದರಾಗ ನೀನೂ ತಿರಗತಿ. ದಿನಕ್ಕ ಮೂರು ಹಸರು, ಒಂದು ಕೆಂಪು. ನಾಕ ತಾಸಿಗೊಮ್ಮೆ ಹಸರು, ಮರೀಬಾರದು."

ಡಬ್ಬಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷು. ನನಗೂ ಓದಲು ಬರುವುದಿಲ್ಲ, ಅಂಬಕ್ಕನಿಗೂ ಬರುವುದಿಲ್ಲ. ಎಲೆಯ ಚಿತ್ರ ಇತ್ತು. ಎಲೆ ನೋಡಿ ನಂಬಿದೆವು. ಅದರಲ್ಲಿ ಮೋಸ ಮಾಡಬೇಕೆಂದು ಅಂಬಕ್ಕನಿಗೆ ಇರಲಿಲ್ಲ, ಇದನ್ನು ಈಗ ಹೇಳುತ್ತೇನೆ. ಅವಳ ಅವ್ವ ಎದೆ ಹಿಡಿದುಕೊಂಡು ಸತ್ತಿದ್ದಳು. ಕೆಂಪು ಡಬ್ಬಿ ಮೊದಲೇ ಸಿಕ್ಕಿದ್ದರೆ ಅವ್ವ ಉಳಿಯುತ್ತಿದ್ದಳು ಎಂದು ಅವಳು ನಂಬಿದ್ದಳು.

ಗುಣ ಕಾಣಿಸಿತು. ಹತ್ತು ಹನ್ನೆರಡು ದಿನದಲ್ಲಿ ಕಸ್ತೂರಿ ಕಂಬಳಿ ಒದ್ದಳು. ಮುಖದ ಊತ ಇಳಿಯಿತು. ನಾಡಿ ಕೈಗೆ ಚೆನ್ನಾಗಿ ಸಿಗತೊಡಗಿತು. ಹನ್ನೆರಡನೆಯ ಗಂಟೆಗೂ ಸೂರ್ಯ ಮುಳುಗುವುದಕ್ಕೂ ಸರಿಹೋಯಿತು. ಜಿನ್ನಿನ ಮುದುಕ ಒಂದು ಬುಟ್ಟಿ ಬದನೆಕಾಯಿ ತಂದುಕೊಟ್ಟ. ನಾನು ಆ ಡಾಕ್ಟರ್ ಬಾಯಾರನ್ನು ನೆನೆದು ನಾಲ್ಕು ಮಂದಿಯ ಮುಂದೆ ಬೈದೆ.

ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹನ್ನೆರಡನೆಯ ಗಂಟೆಗೆ ಇನ್ನೂ ಬಿಸಿಲು ಇರತೊಡಗಿತು. ಮೊದಮೊದಲು ಇಳಿಬಿಸಿಲು, ಆಮೇಲೆ ನೆತ್ತಿಯ ಬಿಸಿಲು. ಜನ ದೀಪ ಹಚ್ಚಿ, ಕಿಟಕಿಗೆ ಗೋಣಿತಟ್ಟು ಕಟ್ಟಿ ಮಲಗಿದರು. ಜಿನ್ನಿನವರು ಕುಣಿದರು, ಮಕ್ಕಳು ಕುಣಿದವು. "ಇಂಥ ಛಂದ ದಿನ ಹುಟ್ಟಿದಾಗಿಂದ ನೋಡಿದ್ದಿಲ್ಲ, ಮುಂಜಾನೆ ಹೋದ್ರ ಚಾ ಕುಡಿಯೂದರಾಗ ಸೂಟಿ!" ಅಂತ ಒಬ್ಬ ಕೂಗಿಕೊಂಡು ಹೋದ. ಕಸ್ತೂರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಮಗ್ಗಲು ಹೊರಳಿ ಎದ್ದು ಕೂತುಬಿಡುತ್ತಿದ್ದಳು. ಅವಳು ಎದ್ದರೆ ಬೆಳಗಾಯಿತಲ್ಲ. ಊರು ಕಣ್ಣುಜ್ಜಿಕೊಂಡು ಮುಖ ತೊಳೆಯುತ್ತಿತ್ತು.

ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತಿತ್ತು. ಹೆಂಗಸರು ಎಮ್ಮೆಗಳನ್ನು ಬೈದರು. ಒಬ್ಬಳು ಇದ್ದ ಎಮ್ಮೆ ಮಾರಿ ಬೇರೆ ಎಮ್ಮೆ ತಂದಳು, ಅದರ ಹಾಲೂ ಹಾಗೇ. ದೀಪಾವಳಿಯ ಅಮಾವಾಸ್ಯೆ ದಿನ ಚಂದ್ರ ತಾಟಿನಷ್ಟು ದುಂಡಗೆ ಮೂಡಿದ. ಚನ್ನಬಸಪ್ಪ ಮಾಸ್ತರ ಸೊಸೆಗೆ ದಿನ ತುಂಬಿ, ಹತ್ತು ತಿಂಗಳಾಗಿ, ಹನ್ನೊಂದು ಮುಗಿದರೂ ಹೆರಿಗೆ ಆಗಲಿಲ್ಲ. ಮಾಸ್ತರ ಹೆಂಡತಿ, "ನಮ್ಮ ಮನಿತನದಾಗ ಕೂಸುಗೋಳ ಸಾವಕಾಶ ಬರ್ತಾವ" ಅಂತ ನೆರೆಯವರಿಗೆ ಹೇಳಿದಳು. ಎಲ್ಲ ಎದುರಿಗೇ ಇತ್ತು. ಹಾಲು, ಚಂದ್ರ, ಬಸುರಿ ಎಲ್ಲ ಸೇರಿ ಕೂಗಿ ಹೇಳುತ್ತಿದ್ದವು. ಗಂಟೆ ಕೇಳಿ ಬೆಳೆದವರಿಗೆ ಅವುಗಳ ಮಾತು ಕೇಳಿಸುವುದಿಲ್ಲ.

ಕಸ್ತೂರಿಯ ಕೈ ನಡುಗುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಮಡಚಿ ಬೀಳುತ್ತಿತ್ತು. ಮೈಮೇಲಿನ ಮಾಂಸ ಕರಗಿ ಬಳೆ ಮೊಣಕೈವರೆಗೆ ಏರುತ್ತಿದ್ದವು.

"ರೀ, ಎದಿಯೊಳಗ ಯಾರೋ ಬಾಗಲಾ ಬಡಿದಂಗ ಆಗತೈತಿ" ಅಂದಳು ಒಂದು ದಿನ.

ಅಂಬಕ್ಕನನ್ನು ಕರೆಸಿದೆ. ಅವಳು ಬೆವರು ಮುಟ್ಟಿ ನೋಡಿ, "ಮೈಯಾಗಿನ ವಿಷ ಹೊರಗ ಹೊಂಟೈತಿ. ಇದ ಬರಬೇಕು. ಹಾರ್ಟಿಗೆ ಕೆಂಪು ಒಂದರ ಬದಲಿ ಎರಡು ಮಾಡ್ರಿ. ಹಸರು ಮಾತ್ರ ಹೊತ್ತಿಗೆ ಸರಿಯಾಗಿ" ಅಂದಳು.

"ಅಂಬಕ್ಕ, ಬಿಡೂದು ಛಲೋ ಅನಸತೈತಿ ನನಗ" ಅಂದಳು ಕಸ್ತೂರಿ.

"ಸುಮ್ಮಕಿರು ನೀ" ಅಂದವನು ನಾನು. ಅಂಬಕ್ಕ ಅಲ್ಲ, ನಾನು. "ಮೊದಲ ಎಮ್ಮಿಯಂಗ ಬಿದ್ದಿದ್ದಿ, ಈಗ ಓಡ್ಯಾಡಾಕತ್ತೀದಿ. ಬಿಟ್ಟು ಮತ್ತ ಬೀಳತಿ?"

ಬಾಯಿ ತೆರೆದಳು. ನಾನೇ ಹಾಕಿದೆ.

ಅದು ಐದನೆಯ ಡಬ್ಬಿ ಮುಗಿದ ದಿನ. ಮೂರನೆಯ ಗಂಟೆ ಹೊಡೆದು ಬಂದು ಕೈ ಹಿಡಿದೆ. ಎಣಿಸಲು ಆಗಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಎಣಿಕೆ ನನ್ನ ಕೈಗೆ ಸಿಗಲಿಲ್ಲ. ಬಡಿತ ಸಾಲಾಗಿ ಬರುತ್ತಿರಲಿಲ್ಲ. ಚೀಲ ಹರಿದು ಜೋಳ ನೆಲಕ್ಕೆ ಸುರಿದ ಹಾಗೆ ಬರುತ್ತಿತ್ತು. ನಾಲ್ಕು ಒಟ್ಟಿಗೆ, ಆಮೇಲೆ ಏನೂ ಇಲ್ಲ, ಆಮೇಲೆ ಎಂಟು ಹತ್ತು ಒಂದರ ಮೇಲೊಂದು. ಬೀಜ ಹಿಡಿದ ನನ್ನ ಕೈ ಎರಡು ಬಟ್ಟಲಿನ ನಡುವೆ ನಿಂತುಬಿಟ್ಟಿತು. ತಲೆಯೆತ್ತಿ ನೋಡಿದೆ. ಕಸ್ತೂರಿಯ ತುಟಿ ಬೆಳ್ಳಗಾಗಿತ್ತು.

"ಎಣಿಕಿ ತಪ್ಪಿತೇನ್ರಿ?" ಅಂದಳು. ಕ್ಷಮೆ ಕೇಳುವ ಹಾಗೆ ಅಂದಳು. ಹಾಗೇ ಗೋಡೆಗೆ ಜಾರಿದಳು.

ಪಕ್ಕದ ಮನೆಯ ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಹಳ್ಳ ದಾಟಿಸಿದೆ. ಊರಿಗೆ ಹೇಳಿ ಬರಬೇಕೆಂಬುದೂ ನೆನಪಾಗಲಿಲ್ಲ.

ಡಾಕ್ಟರ್ ಬಾಯಾರು ನನ್ನ ಮುಖ ನೋಡಿದರು, ಚೀಟಿ ಹರಿದವನು ಇವನೇ ಎಂದು ಗುರುತಿಸಿದರು, ಆದರೆ ಆ ಮಾತೆತ್ತಲಿಲ್ಲ. ಅವಳ ಎದೆಗೆ ತಂತಿ ಹಚ್ಚಿ, ಕಾಗದದ ಮೇಲೆ ಗೀಟು ಎಳೆಸಿ, ಸೂಜಿ ಚುಚ್ಚಿ, ಆಮ್ಲಜನಕ ಹಾಕಿ, ಆಮೇಲೆ ನನ್ನ ಕಡೆ ತಿರುಗಿದರು. "ನಿಮಿಷಕ್ಕ ನೂರಾ ಐವತ್ತರ ಮ್ಯಾಲ ಐತಿ, ಅದೂ ತಾಳ ತಪ್ಪಿ. ಇನ್ನೊಂದಿಷ್ಟು ತಡ ಆಗಿದ್ರ ಹೆಣಾ ತರತಿದ್ರಿ. ಏನ ಕೊಟ್ಟೀರಿ ಇವರಿಗೆ?"

ಖಾಲಿ ಡಬ್ಬಿಗಳ ಚೀಲ ಮೇಜಿನ ಮೇಲೆ ಸುರಿದೆ. ಬಾಯಾರು ಒಂದನ್ನು ಕಣ್ಣಿನ ಹತ್ತಿರ ಹಿಡಿದು ಇರುವೆ ಅಕ್ಷರ ಓದಿದರು. ಓದುತ್ತ ಓದುತ್ತ ಅವರ ಮುಖ ಬಿಗಿಯಿತು.

"ಪಾಚಿ ಅಷ್ಟ ಅಲ್ಲ ಇದರಾಗ. ದನದ ಗ್ರಂಥಿ ಒಣಗಿಸಿ ಪುಡಿ ಮಾಡಿ ಹಾಕ್ಯಾರ. ಅದರಾಗ ನಾ ಕೊಡೂ ಗುಳಿಗಿ ಒಳಗಿನ ಅದ ಮಾಲು ಇರತೈತಿ, ಆದ್ರ ಎಷ್ಟು ಅಂತ ಅಳತಿ ಇಲ್ಲ, ಲೆಕ್ಕ ಇಲ್ಲ. ಕೆಂಪಿನ್ಯಾಗ ಎಣ್ಣಿ ಐತಿ. ಅದು ಈ ಓಟಾ ನಿಲ್ಲಸೂದಿಲ್ಲ. ದಿನಕ್ಕ ಎಷ್ಟು ಹಸರು ಕೊಟ್ಟೀರಿ?"

"ಮೂರು. ಒಂದ ಸಲಾನೂ ಹೆಚ್ಚುಕಡಿಮಿ ಮಾಡಿಲ್ಲ."

"ಎಷ್ಟು ದಿನದಿಂದ?"

"ಐದು ತಿಂಗಳಾತು. ಡಬ್ಬಿಗೆ ತೊಂಬತ್ತು, ಐದು ಡಬ್ಬಿ."

ಬಾಯಾರು ವಹಿ ತೆಗೆದರು. ಪುಟ ತಿರುವಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ವಹಿ ನೋಡಿದರು.

"ನೀವು ಚೀಟಿ ಹರದು ಹೋಗಿ ಅರವತ್ತೇಳು ದಿನ ಆಗೇತಿ" ಅಂದರು ನಿಧಾನವಾಗಿ. "ಅರವತ್ತೇಳು ದಿನದಾಗ ನಾಕನೂರಾ ಐವತ್ತು. ದಿನಕ್ಕ ಆರು, ಏಳು ಆತು. ನೀವು ಮೂರು ಅಂತೀರಿ. ಸುಳ್ಳ ಹೇಳೋ ಮನಶಾ ಅಲ್ಲ ಅಂತ ಮಾರಿ ನೋಡಿದ್ರ ಗೊತ್ತಾಗತೈತಿ. ಹಂಗಾದ್ರ ನಿಮ್ಮ ದಿನಾ ಎಷ್ಟು ಉದ್ದ ಐತಿ?"

ಗೋಡೆಯ ಮೇಲೆ ಗಡಿಯಾರ ಇತ್ತು. ಅದರ ಸಣ್ಣ ಮುಳ್ಳು ಟಿಕ್ ಟಿಕ್ ಅನ್ನುತ್ತ ಹೋಗುತ್ತಿತ್ತು. ಪಕ್ಕದ ಮಂಚದ ಮೇಲೆ ಕಸ್ತೂರಿಯ ಎದೆ ಹರಿದ ಚೀಲದ ಹಾಗೆ ಸುರಿಯುತ್ತಿತ್ತು. ಮುಳ್ಳಿಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಹೆಂಡತಿ ಸಾಯುತ್ತಿದ್ದಾಳೆ, ಹೊತ್ತು ತನ್ನ ಪಾಡಿಗೆ ತಾನು ಹೋಗುತ್ತಿದೆ. ಹೀಗೂ ಆಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗ ಹೊಳೆಯಿತು. ಹೊಳೆದದ್ದೇ ತಡ ಹಾಗೇ ನೆಲಕ್ಕೆ ಕೂತೆ. ಹಸಿರು ಗುಳಿಗೆ ನಾಡಿಯನ್ನು ಓಡಿಸಿತು. ನಾಡಿ ಓಡಿದ್ದಕ್ಕೆ ಗಂಟೆ ಓಡಿತು. ಗಂಟೆ ಓಡಿದ್ದಕ್ಕೆ ನಾಲ್ಕು ತಾಸು ಬೇಗ ಆಯಿತು. ನಾಲ್ಕು ತಾಸು ಆದದ್ದಕ್ಕೆ ನಾನು ಮತ್ತೊಂದು ಗುಳಿಗೆ ಹಾಕಿದೆ. ಅದು ನಾಡಿಯನ್ನು ಇನ್ನಷ್ಟು ಓಡಿಸಿತು. ಮೊದಲನೆಯ ಸಲವೂ ಅದೇ ಆಗಿತ್ತು, ಉಲ್ಟಾ. ಅವಳ ನಿಧಾನದ ಬೆಳಗುಗಳು ಸೂರ್ಯನ ಒಂದೂವರೆ ದಿನಕ್ಕೊಮ್ಮೆ ಬರುತ್ತಿದ್ದವು. ದಿನಕ್ಕೊಂದು ಬೇಕಾದ ಒಳ್ಳೆಯ ಗುಳಿಗೆ ಅವಳಿಗೆ ಪೂರ್ತಿ ಸಿಗಲೇ ಇಲ್ಲ. ಬಾಯಾರು ಹೇಳಿದ ಹದಿನಾಲ್ಕು ದಿನ ಅಲ್ಲಿ ಇದ್ದವು. ನಾನು ಅವರ ಮೇಜಿನ ಮೇಲೆ ಚೀಟಿ ಎಸೆದು ಬಂದಿದ್ದೆ. ಗಂಟೆ ಬಾರಿಸಿದವನು ನಾನು. ಆ ಗಂಟೆ ಕೇಳಿ ಗುಳಿಗೆ ಹಾಕಿದವನೂ ನಾನು. ಬಿಡೋಣ ಅಂದವಳ ಬಾಯಿ ಮುಚ್ಚಿಸಿದವನೂ ನಾನೇ.

ಬಾಯಾರಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡೆ. ಅವರು ಕುರ್ಚಿಯಿಂದ ಎದ್ದು ನನ್ನ ಎದುರಿಗೆ ನೆಲದ ಮೇಲೇ ಕೂತರು. "ಯಪ್ಪಾ, ಇಪ್ಪತ್ತು ವರ್ಷ ಆತು ನಾ ಡಾಕ್ಟರಕಿ ಮಾಡಾಕತ್ತು" ಅಂದರು, "ರೋಗಿ ಕೈಯಾಗ ಗಡಿಯಾರ ಕೊಟ್ಟಿದ್ದು ನೋಡೀನಿ, ರೋಗೀನ್ನ ಗಡಿಯಾರ ಮಾಡಿದ್ದು ನೋಡಿದ್ದಿಲ್ಲ."

ಹನ್ನೊಂದು ಸೂರ್ಯ ಅಲ್ಲೇ ಇದ್ದೆವು. ಅಲ್ಲಿಂದ ನಾನು ಸೂರ್ಯನನ್ನೇ ಎಣಿಸಲು ಕಲಿತೆ. ಓಟ ಹಿಡಿಯಲು ಬೇರೆ ಗುಳಿಗೆ, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು ಕೊಟ್ಟರು. ಹಸಿರು ಮಾಲು ಮೈಯಿಂದ ಇಳಿದ ಮೇಲೆ, ರಕ್ತ ನೋಡಿ, ಹಳೆಯ ಗುಳಿಗೆ ಮತ್ತೆ ಸಣ್ಣದಾಗಿ ಶುರು ಮಾಡುತ್ತೇನೆ ಅಂದರು. "ಯಾವ ಗುಳಿಗಿ ಆಗಲಿ, ಸೂರ್ಯ ನೋಡಿ ಕೊಡ್ರಿ. ಇವರ ನಾಡಿ ನೋಡಿ ಅಲ್ಲ. ತಿಳೀತಿಲ್ಲೋ?" ತಿಳಿಯಿತು ಅಂದೆ. ನನ್ನ ಜೀವನದಲ್ಲಿ ತಲೆ ತಗ್ಗಿಸಿ ತಿಳಿಯಿತು ಅಂದದ್ದು ಅದೇ ಮೊದಲು.

ಹಳ್ಳ ದಾಟಿ ಊರೊಳಗೆ ಬಂದಾಗ ಬಿಸಿಲು ಏರಿತ್ತು. ಅಂಗಡಿಗಳೆಲ್ಲ ತೆರೆದಿದ್ದವು. ಅಂಗಡಿಯವರು ತಕ್ಕಡಿಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದರು, ಗಡ್ಡ ಬೆಳೆದಿತ್ತು. ಜಿನ್ನು ನಡೆಯುತ್ತಲೇ ಇತ್ತು. ಟಂಟಂ ನೋಡಿ ಒಬ್ಬ ಎದ್ದು ಓಡಿದ. ನಾವು ಮನೆ ಮುಟ್ಟುವಷ್ಟರಲ್ಲಿ ಚನ್ನಬಸಪ್ಪ ಮಾಸ್ತರು ಅಂಗಳದಲ್ಲಿ ನಿಂತಿದ್ದರು. ಅವರ ಹಿಂದೆ ಅರ್ಧ ಊರು, ಒಂದು ಮೂಲೆಯಲ್ಲಿ ಅಂಬಕ್ಕ.

"ಫಕೀರಪ್ಪ, ದೇವರಾಣಿ, ಮೊದಲ ನಾಕನೇ ಗಂಟಿ ಹೊಡಿ" ಅಂದರು ಮಾಸ್ತರು. "ನೀ ಮೂರು ಹೊಡದು ಹೋಗೀದಿ. ಇನ್ನೂ ಮೂರರಾಗ ಅದೀವಿ."

"ಅಂದ್ರ?"

"ಅಂದ್ರ ಏನು? ಮಕ್ಕಳ ಸಾಲ್ಯಾಗ ಕುಂತಾವ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಸ್ತೂರಿಯನ್ನು ಕಟ್ಟೆಯ ಮೇಲೆ ಕೂಡಿಸಿ ಶಾಲೆಗೆ ಓಡಿದೆ. ಕಿಟಕಿಗಳ ಹೊರಗೆ ತಾಯಂದಿರು ರೊಟ್ಟಿ ಗಂಟು ಹಿಡಿದು ನಿಂತಿದ್ದರು. ಒಳಗೆ ಮಕ್ಕಳು ಹನ್ನೊಂದು ದಿನದಿಂದ ಹಲಗೆಯ ಮೇಲೆ ಕೂತಿದ್ದವು, ಅಲ್ಲೇ ಉಂಡು, ಅಲ್ಲೇ ಒರಗಿ. ಕರಿಹಲಗೆಯ ಮೇಲೆ ಅದೇ ಒಂದು ಲೆಕ್ಕ. ವಾಸನೆಗೆ ಮೂಗು ಮುಚ್ಚಬೇಕಾಯಿತು. ಸಣ್ಣ ಹುಡುಗಿಯೊಬ್ಬಳು ಪಾಟಿಯನ್ನು ಎದೆಗೆ ಅವುಚಿಕೊಂಡು ನಿದ್ದೆ ಹೋಗಿದ್ದಳು.

"ಏಳ್ರಿ, ಮನೀಗೆ ಹೋಗ್ರಿ!" ಅಂತ ಚೀರಿದೆ.

ಒಂದೂ ಅಲುಗಲಿಲ್ಲ. ಮುಂದಿನ ಸಾಲಿನವನು ಕೈಕಟ್ಟಿ ಎದ್ದು ನಿಂತು, "ಗಂಟಿ ಆಗಿಲ್ಲರೀ" ಅಂದ.

ನನ್ನ ಸಿಟ್ಟಿಗೆ ಊರಲ್ಲಿ ಹೆಸರಿದೆ. ಆ ಹುಡುಗನ ಮೇಲೆ ಮಾತ್ರ ಅದು ಏಳಲಿಲ್ಲ. ಇವರಿಗೆ ಇದನ್ನು ಕಲಿಸಿದವರು ಯಾರು? ನನ್ನ ಅಪ್ಪ. ನಾನು.

ತಿರುಗಿ ಬಂದಾಗ ಮಾಸ್ತರು ಕಸ್ತೂರಿಯ ಮುಂದೆ ಕೈಮುಗಿದು ನಿಂತಿದ್ದರು. ಅವಳು ಎಡಗೈ ಆಗಲೇ ಚಾಚಿದ್ದಳು. ಮಣಿಕಟ್ಟಿನ ಮೇಲೆ ಸೂಜಿಯ ನೀಲಿ ಕಲೆಗಳು.

"ಒಂದ ತಾಸು ಎಣಸ್ರಿ. ಪಾಪ, ಕೂಸುಗೋಳು" ಅಂದಳು.

"ಹೌದಪ್ಪ, ಮೆಲ್ಲಕ ಎಣಸು. ಆಕಿಗೆ ತ್ರಾಸ ಆಗದಂಗ" ಅಂದರು ಮಾಸ್ತರು.

ಅಂಬಕ್ಕ ಮೂಲೆಯಿಂದ ಮುಂದೆ ಬಂದಳು. ಕೈ ಖಾಲಿ ಇತ್ತು. ಕಣ್ಣು ಕೆಂಪಾಗಿತ್ತು. "ಫಕೀರಣ್ಣ, ನನ್ನ ಎದೀನೂ ಹಂಗ ಬಡಕೊಳ್ಳಾಕತ್ತೈತಿ" ಅಂದಳು ಸಣ್ಣ ದನಿಯಲ್ಲಿ. "ನಾನೂ ಹಸರು ನಿನ್ನ ಗಂಟಿ ಕೇಳೇ ತೊಗೊಂತಿದ್ದೆ. ಏನ ಮಾಡಲಿ?"

ಅವಳಿಗಾಗಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳ ಬಾಯಲ್ಲೇ ಉಳಿದವು. "ಉಳದಿದ್ದೆಲ್ಲಾ ಹಳ್ಳಕ್ಕ ಚೆಲ್ಲು. ಈಗಿಂದೀಗ ಟಂಟಂ ಹತ್ತು, ಬಾಯಾರ ಕಡೆ ಹೋಗು. ಎಷ್ಟು ತಿಂದಿ ಅಂತ ಖರೇ ಹೇಳು" ಅಂದೆ. ಹತ್ತಿದಳು.

ಆಮೇಲೆ ಕಂಬದ ಹತ್ತಿರ ಹೋದೆ. ಎರಡು ಬಟ್ಟಲನ್ನೂ ತೆಗೆದು ನಲವತ್ತಮೂರು ಬೀಜಗಳನ್ನು ಬೀದಿಗೆ ಬೀಸಿ ಒಗೆದೆ. ಕೋಳಿಗಳು ಓಡಿ ಬಂದು, ಕೊಕ್ಕಿನಿಂದ ತಟ್ಟಿ ನೋಡಿ, ಬಿಟ್ಟು ಹೋದವು. ಮಾಸ್ತರು, "ಏ, ಏ, ಏನ ಮಾಡತಿ!" ಅನ್ನುವಷ್ಟರಲ್ಲಿ ಕೋಲೆತ್ತಿ ಗಂಟೆಗೆ ಬಡಿದೆ. ನಾಲ್ಕು. ನಿಲ್ಲಿಸಲಿಲ್ಲ. ಐದು, ಆರು, ಏಳು. ಯಾರ ನಾಡಿಯೂ ಇಲ್ಲದ ಗಂಟೆಗಳು. ಹನ್ನೆರಡರವರೆಗೆ ಒಂದೇ ಉಸಿರಿಗೆ ಹೊಡೆದೆ. ಶಾಲೆಯ ಕಡೆಯಿಂದ ಹೋ ಎಂಬ ಕೂಗು ಎದ್ದಿತು. ಮಕ್ಕಳು ಬೀದಿ ತುಂಬ ಓಡಿದವು. ಅಂಗಡಿಗಳ ಹಲಗೆ ಬಿದ್ದವು, ಜಿನ್ನಿನ ಸದ್ದು ನಿಂತಿತು. ಜನ ನೆತ್ತಿಯ ಬಿಸಿಲಲ್ಲಿ ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತರು.

"ಎಣಿಸದ ಹೊಡದ್ಯೋ ಪಾಪಿ" ಅಂದರು ಮಾಸ್ತರು. "ಸುಳ್ಳ ಗಂಟಿ! ನಿಮ್ಮಪ್ಪನ ಹೆಸರು ಕಳದಿ. ನಾಳೆ ಮುಂಜಾನೆ ಯಾವಾಗ ಅಂತ ನಮಗ ಹೆಂಗ ಗೊತ್ತಾಗಬೇಕು?"

"ಬೆಳಕಾಗತೈತಿ ಮಾಸ್ತರ. ನೋಡ್ರಿ" ಅಂದೆ. ಒಳಗೆ ಹೋಗಿ ಕದ ಹಾಕಿಕೊಂಡೆ.

ಮರುದಿನ ನಾನು ಕಸ್ತೂರಿಗಿಂತ ಮೊದಲು ಎದ್ದೆ. ಅದೂ ನಮ್ಮ ಮನೆಯಲ್ಲಿ ಮೊದಲ ಸಲ. ಗೋಡೆಯ ಬಿರುಕಿನಿಂದ ಬಿಸಿಲು ಬಂದು ಹೊಸ್ತಿಲು ಮುಟ್ಟಿದಾಗ ಅವಳನ್ನು ಎಬ್ಬಿಸಿ ಬಾಯಾರು ಕೊಟ್ಟ ಗುಳಿಗೆ ನುಂಗಿಸಿದೆ. ಅಂಗಳದಲ್ಲಿ ಜನ ಸೇರಿದ ಗುಜುಗುಜು ಕೇಳುತ್ತಿತ್ತು. ಮಾಸ್ತರು ಕೆಮ್ಮಿದರು. ಯಾರೋ, "ಎದ್ದಾಳೋ ಇಲ್ಲೋ? ಬೆಳಗಾತೋ ಇಲ್ಲೋ?" ಅಂತ ಕೇಳಿದರು. ಮತ್ತೊಬ್ಬ, "ಬಿಸಲಂತೂ ಬಿದ್ದೈತಲೋ" ಅಂದ. "ಬಿಸಲು ಏನ ಹೇಳತೈತಿ, ಸುಮ್ಮಕಿರು" ಅಂದಳು ಇನ್ನೊಬ್ಬಳು.

ಕಸ್ತೂರಿ ಅಭ್ಯಾಸಬಲದಿಂದ ಎಡಗೈ ಚಾಚಿದಳು. ನಾನೂ ಅಭ್ಯಾಸಬಲದಿಂದ ಹಿಡಿದೆ. ಬೆರಳ ಕೆಳಗೆ ಬಡಿತ ಇತ್ತು, ಒಂದಾದ ಮೇಲೆ ಒಂದು ಬರುತ್ತಿತ್ತು. ಹಾಗೇ ಕೂತೆ. ಅವಳು ಬೀಜದ ಸದ್ದಿಗೆ ಕಾದಳು. ಬಟ್ಟಲು ಇರುತ್ತಿದ್ದ ಜಾಗ ನೋಡಿದಳು, ನನ್ನ ಮುಖ ನೋಡಿದಳು.

"ಎಷ್ಟಾತ್ರಿ?"

"ಎಣಿಸಿಲ್ಲ."

ಅವಳ ಹುಬ್ಬು ಮೇಲೇರಿದವು. ಇಪ್ಪತ್ತೊಂದು ವರ್ಷದಲ್ಲಿ ಅವಳಿಗೆ ಅಷ್ಟು ಆಶ್ಚರ್ಯವಾದದ್ದನ್ನು ನಾನು ನೋಡಿರಲಿಲ್ಲ.

"ಹಂಗಾದ್ರ ಕೈ ಯಾಕ ಹಿಡದೀರಿ?" ಅಂದಳು.

ಹೊರಗೆ ಮಾಸ್ತರು ಕದ ತಟ್ಟತೊಡಗಿದರು. ನಾನು ಕೈ ಬಿಡಲಿಲ್ಲ.